ಅರ್ಧ ಕಿಲೋಮೀಟರಿನೊಳಗೆ ಒಬ್ಬರು

ಮಗುವಿಗೆ ಇಡುವ ಹೆಸರನ್ನು ಕಟ್ಟಿಕೊಂಡ ಗಂಡನಿಗೆ ಹೇಳಬಾರದು ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ, ನೀವೇ ಹೇಳಿ. ನನ್ನ ಹೆಂಡತಿ ಸರಸ್ವತಿಯನ್ನು ಕೇಳಿದರೆ ಎಲ್ಲ ಶಾಸ್ತ್ರದಲ್ಲೂ ಬರೆದಿದೆ ಅನ್ನುತ್ತಾಳೆ. ಎಳಂದೂರಿನಲ್ಲಿರುವ ಅವಳ ತಮ್ಮ ಮಧುವಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತ್ತು. ಅವರ ಮನೆಯ ಪದ್ಧತಿಯಂತೆ ಹೆಸರು ಆರಿಸುವವಳು ಸೋದರತ್ತೆ, ಅಂದರೆ ನನ್ನ ಹೆಂಡತಿ. ಅವಳು ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೇಳುವ ತನಕ ಆ ಹೆಸರು ಅವಳ ಹೊಟ್ಟೆಯಲ್ಲೇ ಇರಬೇಕು.

"ನಂಗೊಬ್ಬನಿಗೆ ಹೇಳೇ. ಕಿವೀಲಿ ಹೇಳು ಸಾಕು" ಅಂದೆ.

"ನಿಮ್ ಕಿವೀಲಿ ಹೇಳೋದೂ ಒಂದೇ, ಬಸ್‌ಸ್ಟ್ಯಾಂಡ್ ಮೈಕಲ್ಲಿ ಕೂಗೋದೂ ಒಂದೇ. ಮಗೀಗಿಂತ ಮೊದ್ಲು ಪಕ್ಕದೂರು ಹನೂರಿಗೂ ಗೊತ್ತಾಯ್ತದೆ."

(ಇದು ಶುದ್ಧ ಅಪವಾದ. ನನಗೆ ವಿಷಯ ತಿಳಿದುಕೊಳ್ಳುವ ಆಸೆ ಇದೆಯೇ ಹೊರತು ಹರಡುವ ಚಾಳಿ ಇಲ್ಲ. ತಿಳಿದದ್ದು ನಿಜವೋ ಸುಳ್ಳೋ ಅಂತ ನಾಲ್ಕು ಜನರನ್ನು ಕೇಳಿ ನೋಡುತ್ತೇನೆ, ಅಷ್ಟೆ.)

ಅದು ಕೊರೊನಾ ಕಾಲ. ಮದುವೆಗಳು ನಿಂತಿದ್ದವು, ಮದುವೆ ನಿಂತ ಮೇಲೆ ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಯಾರು ಕೇಳುತ್ತಾರೆ? ನನ್ನ ಮಗ್ಗ ಮಲಗಿ, ನಾನು ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಜಗಲಿಯಲ್ಲಿ ಕೂತು ಬೀದಿ ನೋಡೋಣವೆಂದರೆ ಓಡಾಡುವ ನಾಲ್ಕು ಜನರೂ ಮುಖಕ್ಕೆ ಮಾಸ್ಕು ಕಟ್ಟಿಕೊಂಡಿದ್ದರು. ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾರ ಮನೆಯಲ್ಲಿ ಏನು ನಡೆದಿದೆ, ಒಂದೂ ಗೊತ್ತಾಗುತ್ತಿರಲಿಲ್ಲ. ಕಣ್ಣಿದ್ದೂ ಕುರುಡನಾಗಿ ಎಷ್ಟು ದಿನ ಅಂತ ಬದುಕುವುದು!

ಹೀಗಿರುವಾಗ ಮಧು ಫೋನ್ ಮಾಡಿದ. ಭಾನುವಾರ ನಾಮಕರಣ, ಮನೆಮಂದಿ ಮಾತ್ರ. "ಭಾವ, ನಮ್ ಬೀದಿಗೆ ಬೊಂಬು ಅಡ್ಡ ಕಟ್ಟವ್ರೆ. ಆಚೆಯೋರು ಬಂದ್ರೆ ಫೋನಲ್ಲಿ ಆ ಸರ್ಕಾರದ ಆಪ್ ನೋಡ್ತಾರೆ. ಹಸಿರು ಇದ್ರೆ ಒಳೀಕೆ, ಇಲ್ಲಾಂದ್ರೆ ವಾಪಸ್ಸು. ಅಕ್ಕನಂಗೆ ಚಿಕ್ಕ ಫೋನ್ ಇಟ್ಕಂಡಿರೋರ್ಗೆ ಅಣೆಗೆ ಜ್ವರ ನೋಡೋ ಮಿಷಿನ್ ಇಟ್ಟು ನೋಡಿ ಬುಡ್ತಾರೆ. ನೀವು ಆಪ್ ಆಕಿಸ್ಕಳಿ."

ಹಾಕಿಸಿಕೊಂಡೆ. ಅದು ಪ್ರಶ್ನೆ ಕೇಳತೊಡಗಿತು. ಕೆಮ್ಮು ಇದೆಯೇ? ಜ್ವರ ಇದೆಯೇ? ವಾಸನೆ, ರುಚಿ ಗೊತ್ತಾಗುತ್ತಿಲ್ಲವೇ? ನಾನು ಯೋಚಿಸಿ ಉತ್ತರಿಸಬೇಕೆಂದಿದ್ದೆ. ಆದರೆ ಸರಸ್ವತಿ ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಎಲ್ಲಾದ್ಕೂ ಇಲ್ಲ ಅಂತ ಒತ್ರಿ."

ಒತ್ತಿದೆ. ಪರದೆ ಹಚ್ಚ ಹಸಿರಾಯಿತು. ಸರಸ್ವತಿ ಫೋನಿಗೆ ಕೈಮುಗಿದು ಅಡುಗೆಮನೆಗೆ ಹೋದಳು. "ಮಧು ಮಗೀನ ಇನ್ನೂ ಕಣ್ಣಲ್ಲಿ ಕಂಡಿಲ್ಲ ಕಣ್ರಿ. ಇದೊಂದ್ ದಿನಕ್ಕೆ ನಾನ್ ಎಷ್ಟ್ ವರ್ಷ ಕಾದಿವ್ನಿ ಅಂತ ನಿಮ್ಗೇನ್ ಗೊತ್ತು" ಅಂತ ಒಳಗಿನಿಂದಲೇ ಅಂದಳು. ನನಗೂ ಪಾಪ ಅನ್ನಿಸಿತು.

ಅಲ್ಲಿಗೇ ಫೋನನ್ನು ಜೇಬಿಗಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಆಪಿನಲ್ಲಿ ಒಳಗಡೆ ಇನ್ನೊಂದು ಪುಟ ಇತ್ತು. ನಿಮ್ಮಿಂದ ಅರ್ಧ ಕಿಲೋಮೀಟರಿನೊಳಗೆ ಎಷ್ಟು ಜನ ಈ ಆಪ್ ಇಟ್ಟುಕೊಂಡಿದ್ದಾರೆ, ಅವರಲ್ಲಿ ಎಷ್ಟು ಜನ ಅಸ್ವಸ್ಥರು ಅಂತ ಅದು ಹೇಳುತ್ತಿತ್ತು! ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ಕಾಲು ಸವೆಸಿ, ಹತ್ತು ಜನರ ಬಾಯಲ್ಲಿ ಬೈಸಿಕೊಂಡು ಮಾಡುತ್ತಿದ್ದ ಕೆಲಸವನ್ನು ಸರ್ಕಾರವೇ ಕೈಗೆತ್ತಿಕೊಂಡಿತ್ತು. ಹಲ್ಲುಜ್ಜುವ ಮೊದಲು ನೋಡಿದೆ, ಊಟದ ನಡುವೆ ನೋಡಿದೆ. ಅಸ್ವಸ್ಥರು: ಸೊನ್ನೆ. ಯಾವಾಗ ನೋಡಿದರೂ ಸೊನ್ನೆ. ನಮ್ಮ ಬೀದಿಯವರ ಆರೋಗ್ಯ ನೋಡಿ ನನಗೆ ಬೇಜಾರಾಗತೊಡಗಿತು.

ಮಾರನೆಯ ದಿನ ಒಂದು ಯೋಚನೆ ಬಂತು. ಪತ್ತೇದಾರನಾದವನಿಗೆ ರೋಗಿಯನ್ನು ಏನೇನು ಕೇಳುತ್ತಾರೆ ಅನ್ನುವುದು ಸರಿಯಾಗಿ ಗೊತ್ತಿರಬೇಡವೇ? ಹೆಂಡತಿಯ ಹಂಗಿಲ್ಲದೆ, ಸಾವಧಾನವಾಗಿ, ಸತ್ಯಹರಿಶ್ಚಂದ್ರನ ವಂಶದವನಂತೆ ಆ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಲು ಕೂತೆ. ಕೆಮ್ಮು ಇಲ್ಲ. ಜ್ವರ ಇಲ್ಲ. ಕೊನೆಯದಾದ ವಾಸನೆಯ ಪ್ರಶ್ನೆಗೆ ಬಂದು ನಿಂತುಕೊಂಡೆ. ನನಗೆ ವಾಸನೆ ಗೊತ್ತಾಗುತ್ತದೆ ಅನ್ನುವುದಕ್ಕೆ ಪುರಾವೆ ಏನು?

ನಮ್ಮ ಬೀದಿಯ ಹಿಂದೆ, ನಾನು ಹುಟ್ಟುವ ಮೊದಲಿನಿಂದಲೂ, ರುದ್ರಸ್ವಾಮಿ ಮನೆಯವರ ಶೆಡ್ಡಿದೆ. ರೇಷ್ಮೆ ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ತೆಗೆಯುವ ಜಾಗ. ಗೂಡಿನ ಜೊತೆ ಒಳಗಿನ ಹುಳುವೂ ಬೇಯುತ್ತದೆ. ಹೊರಊರಿನ ನೆಂಟರು ನಮ್ಮ ಬೀದಿಯ ಮೂಲೆ ತಿರುಗುವ ಮೊದಲೇ ಕರ್ಚೀಫು ತೆಗೆಯುತ್ತಾರೆ. ಮಧುವಿನ ಹೆಂಡತಿ ಮೊದಲ ಸಲ ಬಂದಾಗ ವಾಂತಿ ಮಾಡಿಕೊಂಡಿದ್ದಳು. ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಉಂಟೇ? ಶೆಡ್ಡಿನ ಬಾಗಿಲಲ್ಲಿ ನಿಂತು, ಮಾಸ್ಕು ಕೆಳಗಿಳಿಸಿ, ಕಣ್ಣು ಮುಚ್ಚಿ ಉಸಿರೆಳೆದೆ. ಏನೂ ಇಲ್ಲ. ಗೂಡು ಕುದಿಯುತ್ತಿದ್ದ ಒಲೆಯ ಹತ್ತಿರಕ್ಕೇ ಹೋಗಿ ಎಳೆದೆ. ಊಹೂಂ, ಏನೇನೂ ಇಲ್ಲ! ನನಗೇ ಆಶ್ಚರ್ಯವಾಯಿತು. ಇದ್ದದ್ದನ್ನು ಇದ್ದಹಾಗೆ, ವಾಸನೆ ಗೊತ್ತಾಗುತ್ತಿಲ್ಲ ಅಂತ ಒತ್ತಿದೆ.

"ಏನ್ ಚೌಡೇಶಣ್ಣ, ಗೂಡು ತಕಳಕೆ ಬಂದ್ಯಾ, ಮೂಸಕೆ ಬಂದ್ಯಾ?" ಅಂತ ರುದ್ರಸ್ವಾಮಿ ಕೇಳಿದ. ಫೋನು ಜೇಬಿಗೆ ಹೋಯಿತು. ಮಾತು ಗೂಡಿನ ರೇಟಿಗೆ ತಿರುಗಿ, ಅಲ್ಲಿಂದ ಅವನ ಷಡ್ಡಕನ ಜಗಳಕ್ಕೆ ಹೋಗಿ, ಪರೀಕ್ಷೆಯ ವಿಷಯ ನನಗೆ ಮರೆತೇಹೋಯಿತು. ಮಧ್ಯಾಹ್ನ ಮನೆಯಲ್ಲಿ ಬಸ್ಸಾರಿನ ಘಮಕ್ಕೆ ಬಾಯಲ್ಲಿ ನೀರೂರಿ ಎರಡು ಮುದ್ದೆ ಇಳಿಸಿದೆ. ಮೂಗಿನ ಬಗ್ಗೆ ಯೋಚಿಸಲು ಕಾರಣವೇ ಇರಲಿಲ್ಲ.

ಸಂಜೆ ಎಂದಿನಂತೆ ಆ ಪುಟ ತೆಗೆದೆ. ಅಸ್ವಸ್ಥರು: ಒಬ್ಬರು.

"ಸರಸ್ವತೀ! ಬಂದ್ರು ಕಣೇ! ನಮ್ ಸುತ್ತ ಒಬ್ರು ಅವ್ರೆ!"

"ಯಾರ್ರೀ?" ಅಂತ ಅವಳು ಗಾಬರಿಯಿಂದ ಓಡಿಬಂದಳು.

"ಹೆಸ್ರು ಹೇಳಲ್ಲ ಇದು, ಥೇಟ್ ನಿನ್ನಂಗೆ. ಪತ್ತೆ ಮಾಡ್ಬೇಕು."

"ಪತ್ತೆ ಮಾಡಕೆ ಆಸ್ಪತ್ರೆಯೋರವ್ರೆ. ಭಾನುವಾರ ಎಳಂದೂರ್ಗೆ ಓಗೋ ತಂಕ ನೀವು ಒಸ್ಲು ದಾಟ್ಕೂಡ್ದು. ನಂಗೆ ಆ ಮಗೀನ ತೊಟ್ಲು ತೂಗ್ಬೇಕು."

ಅವಳು ಹಿತ್ತಲಿಗೆ ಹೋಗುವುದನ್ನೇ ಕಾದು ಹೊಸಲು ದಾಟಿದೆ. ನನ್ನ ಮೊದಲ ಅನುಮಾನ ಎದುರುಮನೆಯ ಗುರುಪಾದಸ್ವಾಮಿ ಮೇಷ್ಟ್ರ ಮೇಲೆ. ರಿಟೈರಾದವರು, ಕಿಟಕಿಯ ಪಕ್ಕ ಕೂತು ಪೇಪರ್ ಓದುತ್ತಾ ದಿನವಿಡೀ ಕೆಮ್ಮುತ್ತಾರೆ. ದೂರದಲ್ಲೇ ನಿಂತು ತುಂಬಾ ನಯವಾಗಿ ಕೇಳಿದೆ.

"ಸಾ, ಕೆಮ್ಮು ಹೆಂಗದೆ?"

"ಇದು ಸೀಮೆಸುಣ್ಣದ ಕೆಮ್ಮು ಕಣಯ್ಯಾ. ಸರ್ವಿಸಲ್ಲಿ ಕೊರೊನಾಕ್ಕಿಂತ ಸೀನಿಯರ್ರು. ನಿಂಗ್ಯಾಕೆ ಬೇಕು?" ಅಂದು ಕಿಟಕಿಯನ್ನು ದಢಾರನೆ ಮುಚ್ಚಿದರು.

ಎರಡನೆಯ ಅನುಮಾನ ಮೂಲೆಮನೆಯ ಸುವರ್ಣಮ್ಮ. ನಲ್ಲಿಗೆ ಬರುತ್ತಿಲ್ಲ, ಬಂದರೂ ತಲೆತುಂಬ ಸೆರಗು. ಬಾಗಿಲು ತಟ್ಟಿ, "ತಲೆನೋವಾ ಸುವರ್ಣಕ್ಕ? ಜ್ವರ ಏನಾರ ಅದಾ?" ಅಂದೆ. ಆಯಮ್ಮ ಬಾಗಿಲು ತೆರೆದು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಒಳಗಿನಿಂದ ಅವರ ಸೊಸೆ ಪವಿತ್ರ ಕಿಸಕ್ಕನೆ ನಕ್ಕು, "ಅತ್ತೆ ಕೂದ್ಲಿಗೆ ಹಚ್ಚೋ ಡೈ ಅಂಗಡೀಲಿ ಸಿಕ್ತಿಲ್ಲ ಕಣಣ್ಣ" ಅಂದಳು. ಅಷ್ಟಕ್ಕೆ ಸುವರ್ಣಮ್ಮ ನನ್ನ ಮೇಲೆ ಒಂದು ಚೊಂಬು ನೀರು ಎರಚಬಾರದಿತ್ತು.

ಇನ್ನು ಬಾಯಿಮಾತಿನ ತನಿಖೆ ಪ್ರಯೋಜನವಿಲ್ಲ, ವೈಜ್ಞಾನಿಕವಾಗಿ ಹೋಗಬೇಕು ಅಂತ ತೀರ್ಮಾನಿಸಿದೆ. ಮನೆಯಿಂದ ದೂರ ಹೋಗುತ್ತಾ ಹೋದರೆ ಎಲ್ಲಿ ಆ ಒಂದು ಸೊನ್ನೆಯಾಗುತ್ತದೋ ಅಲ್ಲಿಂದ ಲೆಕ್ಕ ಹಾಕಿದರೆ ರೋಗಿಯ ಮನೆ ಸಿಕ್ಕಿಬೀಳುತ್ತದೆ. ಶನಿವಾರ ಬೆಳಿಗ್ಗೆ ತರಕಾರಿಯ ನೆಪ ಹೇಳಿ ಸ್ಕೂಟರ್ ತೆಗೆದೆ. ಬಸ್‌ಸ್ಟ್ಯಾಂಡಿನ ಹತ್ತಿರ ನೋಡಿದೆ, ಒಬ್ಬರು. ಊರು ದಾಟಿ ನೋಡಿದೆ, ಒಬ್ಬರು. ಕಾಮಗೆರೆ ರಸ್ತೆಯಲ್ಲಿ ಬಹಳ ದೂರ ಹೋಗಿ ನಿಂತೆ. ಸುತ್ತ ಹಿಪ್ಪುನೇರಳೆ ತೋಟ, ಒಂದು ಎಮ್ಮೆ, ನಾನು. ಆಪ್ ನೋಡಿದೆ. ಅಸ್ವಸ್ಥರು: ಒಬ್ಬರು.

ಎಮ್ಮೆಯನ್ನು ನೋಡಿದೆ. ಅದೂ ನನ್ನನ್ನು ನೋಡಿತು. ಅದರ ಹತ್ತಿರ ಫೋನ್ ಇರಲಿಲ್ಲ. ಆಗ ನನ್ನ ಬೆನ್ನಲ್ಲಿ ಚಳಿ ಹುಟ್ಟಿತು. ರೋಗಿ ನನ್ನನ್ನು ಹಿಂಬಾಲಿಸುತ್ತಿದ್ದಾನೆ! ನಾನು ಪತ್ತೆ ಮಾಡುತ್ತಿರುವುದು ಗೊತ್ತಾಗಿ, ಹಿಪ್ಪುನೇರಳೆ ಗಿಡಗಳ ಮರೆಯಲ್ಲಿ ಬಗ್ಗಿಕೊಂಡು ಬರುತ್ತಿದ್ದಾನೆ! ತರಕಾರಿಯ ನೆನಪೂ ಇಲ್ಲದೆ ಸ್ಕೂಟರ್ ತಿರುಗಿಸಿ ಮನೆ ಸೇರಿದೆ. ಬಾಗಿಲು ಹಾಕಿ ಅಗುಳಿ ಜಡಿದು ನೋಡಿದರೆ ಆಗಲೂ ಒಬ್ಬರು.

"ಎಲ್ ಓದ್ರೂ ನನ್ ಹಿಂದೇನೇ ಬತ್ತಾವ್ನೆ ಕಣೇ ಸರಸ್ವತಿ!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿಸ್ಲು ಒಡ್ದದೆ. ಮಜ್ಜಿಗೆ ಕುಡ್ದು ಮನೀಕಳಿ" ಅಂದಳು.

ಭಾನುವಾರ ಬಂತು. ಸರಸ್ವತಿ ನಾನೇ ನೇಯ್ದ ಸೀರೆ ಉಟ್ಟು, ಮಗುವಿಗೆಂದು ಬೆಳ್ಳಿ ಕಾಲ್ಗಡಗವನ್ನು ಗಂಟು ಕಟ್ಟಿಕೊಂಡು, ದಾರಿಯುದ್ದಕ್ಕೂ ಮಾಸ್ಕಿನೊಳಗೇ ಜೋಗುಳ ಗುನುಗಿದಳು. ಹೆಸರು ಕೇಳಿಸೀತೇನೋ ಅಂತ ನಾನು ಸ್ಕೂಟರ್ ನಿಧಾನ ಮಾಡಿದೆ. ಕೇಳಿಸಲಿಲ್ಲ. ಇರಲಿ, ಇನ್ನೊಂದು ಗಂಟೆಯಲ್ಲಿ ಗೊತ್ತಾಗಲೇಬೇಕಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಮಧುವಿನ ಬೀದಿಯ ಬಾಯಲ್ಲಿ ಬೊಂಬು ಅಡ್ಡ ಇತ್ತು. ಬೊಂಬಿನ ಹಿಂದೆ ಕುರ್ಚಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಚಿಕ್ಕಮಾದಯ್ಯ ಕೂತಿದ್ದ. ಅದೇ ಬೀದಿಯವನು, ಕಾವಲಿಗೆ ತಾನಾಗಿ ನಿಂತವನು. ನಾನು ಗತ್ತಿನಿಂದ ಆಪಿನ ಮೊದಲ ಪುಟ ತೆಗೆದು ಅವನ ಮುಂದೆ ಹಿಡಿದೆ. ಚಿಕ್ಕಮಾದಯ್ಯ ಸೀಟಿ ಊದಿಬಿಟ್ಟ.

"ಇದು ಕೆಂಪು ಕಣ್ ಸಾ!"

ತಿರುಗಿಸಿ ನೋಡಿದೆ. ಕುಂಕುಮದಷ್ಟು ಕೆಂಪಾಗಿತ್ತು. ಹಸಿರಾದ ದಿನದಿಂದ ನಾನು ಈ ಪುಟದ ಕಡೆ ತಲೆಯನ್ನೇ ಹಾಕಿರಲಿಲ್ಲ, ನನಗೆ ಊರವರ ಪುಟವೇ ಸಾಕಾಗಿತ್ತು. ಅರ್ಧ ಕಿಲೋಮೀಟರಿನೊಳಗಿನ ಆ ಒಬ್ಬರು ಯಾರು ಅಂತ ಆಗ ನನಗೆ ಹೊಳೆಯಿತು.

"ಎಲ್ಲಾದ್ಕೂ ಇಲ್ಲ ಅಂತ ಒತ್ತಿಸಿದ್ನಲ್ರೀ ನಾನು! ಮತ್ತೆ ಏನ್ ಮಾಡ್ಕಂಡ್ರಿ?" ಅಂದಳು ಸರಸ್ವತಿ.

ರುದ್ರಸ್ವಾಮಿಯ ಶೆಡ್ಡಿನ ಕಥೆಯನ್ನು ತೊದಲುತ್ತಾ ಹೇಳಿದೆ. ಚಿಕ್ಕಮಾದಯ್ಯ ಬಾಯಿಬಿಟ್ಟು ಕೇಳಿದ. "ಅಲ್ಲ ಸಾ, ನೀವು ಬಂದು ನಿಂತೇಟ್ಗೇ ಕೊಳ್ಳೇಗಾಲದೋರು ಅಂತ ಗೊತ್ತಾಯ್ತು ನಂಗೆ. ಮಾಸ್ಕ್ ಒಳೀಕೂ ಒಡೀತಾ ಅದೆ, ನಿಮ್ ಅಂಗೀಲಿ ಗೂಡ್ ವಾಸ್ನೆ. ನಿಮ್ಗೆ ಗೊತ್ತಾಯ್ತಿಲ್ವಾ?"

"ವಾಸ್ನೆನಾ? ಯಾವ ವಾಸ್ನೆ?" ಅಂದೆ.

ಈ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಚಿಕ್ಕಮಾದಯ್ಯ ಕುರ್ಚಿಸಮೇತ ಹಿಂದಕ್ಕೆ ಸರಿದ. "ಅಯ್ಯಪ್ಪ! ನಿಜ್ವಾಗ್ಲೂ ಗೊತ್ತಾಗಕಿಲ್ಲ ಇವ್ರಿಗೆ! ಆಚ್ಗೆ ನಿಂತ್ಕಳಿ ಸಾ!"

ಸರಸ್ವತಿಯ ಕಣ್ಣು ತುಂಬಿತು. ಕಾಲ್ಗಡಗದ ಗಂಟನ್ನು ಎದೆಗೆ ಒತ್ತಿಕೊಂಡು ಬೀದಿಯ ಕೊನೆಯ ತೋರಣವನ್ನೇ ನೋಡುತ್ತಾ ನಿಂತಳು. ನನಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಬೇಸರವಾಯಿತು. ಚಿಕ್ಕಮಾದಯ್ಯನಿಗೂ ಕರುಳು ಚುರುಕ್ ಅಂದಿರಬೇಕು. "ಸರಸ್ವತಕ್ಕ, ನಿಮ್ ಫೋನ್ ಯಾವ್ದು?" ಅಂದ. ಅವಳು ಕೀಪ್ಯಾಡ್ ಫೋನ್ ತೋರಿಸಿದಳು. ಹಣೆಗೆ ಮಿಷಿನ್ ಹಿಡಿದ, ಅದು ಕೀಂ ಅಂದಿತು.

"ರೂಲ್ಸ್ ಪ್ರಕಾರ ನೀವು ಒಳೀಕೆ, ಅವ್ರು ಈಚ್ಗೆ."

"ಅಲ್ಲಯ್ಯ, ನಾವಿಬ್ರೂ ಒಂದೇ ಮನೇಲಿ..." ಅಂತ ನಾನು ರೂಲ್ಸಿನ ತಪ್ಪು ತೋರಿಸಲು ಬಾಯಿ ತೆರೆದೆ. ಸರಸ್ವತಿ ತಿರುಗಿ ಒಂದು ನೋಟ ನೋಡಿದಳು. ನಾನು ಸ್ಕೂಟರನ್ನು ಹಿಂದಕ್ಕೆ ತಳ್ಳಿದೆ.

ಅವಳು ಬೊಂಬು ದಾಟಿ ಹೋದಳು. ನಾನು ಹೊಂಗೆಮರದ ಕೆಳಗೆ ಕೂತು ಮತ್ತೆ ಪರೀಕ್ಷೆ ಬರೆದೆ, ಎಲ್ಲಕ್ಕೂ ಇಲ್ಲ ಅಂತ ಒತ್ತಿದೆ. ಒಮ್ಮೆ ಕೆಂಪಾದರೆ ಕೆಲವು ದಿನ ಕಳೆಯಲೇಬೇಕಂತೆ; ಆಪು ಜಪ್ಪಯ್ಯ ಅನ್ನಲಿಲ್ಲ, ಕೆಂಪಾಗಿಯೇ ಕೂತಿತ್ತು. ದೂರದಲ್ಲಿ ಹೆಂಗಸರು ಹಾಡಿದರು, ಮಗು ಅತ್ತಿತು, ಎಲ್ಲರೂ ಹೋ ಅಂತ ನಕ್ಕರು. ಹೆಸರು ಕೂಗಿದ್ದು ಆಗಲೇ ಇರಬೇಕು. ಎಷ್ಟು ಕಿವಿ ಚಾಚಿದರೂ ನನಗೆ ಕೇಳಿಸಿದ್ದು ಚಿಕ್ಕಮಾದಯ್ಯನ ಸೀಟಿ ಮಾತ್ರ. ಆಮೇಲೆ ಒಬ್ಬಟ್ಟು ಬೇಯುವ ಘಮ ಬಂತು ನೋಡಿ!

"ಚಿಕ್ಕಮಾದಯ್ಯ! ಊರ್ಣಕ್ಕೆ ಏಲಕ್ಕಿ ಜಾಸ್ತಿ ಬಿದ್ದದೆ! ತುಪ್ಪ ಈಗ್ತಾನೆ ಕಾಯ್ಸವ್ರೆ! ನಂಗೆ ಎಲ್ಲಾ ವಾಸ್ನೆನೂ ಬತ್ತಾ ಅದೆ ಕಣಯ್ಯ!"

"ಅದ್ನ ಆಪ್‌ಗೆ ಹೇಳಿ ಸಾ" ಅಂದ ಅವನು.

ಕೊನೆಗೆ ಮಧು ಒಂದು ಡಬ್ಬಿ ತಂದು ಬೊಂಬಿನ ಕೆಳಗೆ ತಳ್ಳಿದ. ತೆಗೆದು ನೋಡಿದರೆ ಮೆತ್ತನೆ ಅನ್ನ, ನೀರುಮಜ್ಜಿಗೆ. "ರುಚಿ ಗೊತ್ತಾಗ್ದೋರ್ಗೆ ಒಬ್ಬಟ್ಟು ಯಾಕೆ ದಂಡ ಅಂದ್ಲು ಅಕ್ಕ" ಅಂದ ನೆಲ ನೋಡುತ್ತಾ.

"ಒಬ್ಬಟ್ಟು ಹಾಳಾಗ್ಲಿ ಮಧು. ಹೆಸ್ರೇನಿಟ್ರಪ್ಪ?"

"ಅದ್ನ ಮಾತ್ರ ಕೇಳ್ಬೇಡಿ ಭಾವ. ನಿಮ್ಗೆ ಹೇಳ್ಕೂಡ್ದು ಅಂತ ನಮ್ಮೆಲ್ರ ಹತ್ರಾನೂ ಆಣೆ ಆಕಿಸ್ಕಂಡವ್ಳೆ ಅಕ್ಕ."

ವಾಪಸು ಬರುವಾಗ ಸರಸ್ವತಿ ಸ್ಕೂಟರಿನ ಹಿಂದೆ ನಗುನಗುತ್ತಾ ಕೂತಿದ್ದಳು. ಊರು ಹತ್ತಿರ ಬಂದಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಮುಗೀತಲ್ಲ ಶಾಸ್ತ್ರ. ಈಗಾದ್ರೂ ಹೇಳೇ, ಏನ್ ಹೆಸ್ರಿಟ್ಟೆ?"

"ಒಂದ್ ಹೆಸ್ರು ಇಟ್ಟಿವ್ನಿ. ಪತ್ತೆ ಮಾಡ್ಕಳಿ."

ಆಪು ಹಸಿರಾಗುವ ತನಕ ನನ್ನ ವಾಸ ಮಗ್ಗದ ಕೋಣೆಯಲ್ಲಿ, ಬೆಕ್ಕು ಮತ್ತು ಅದರ ಮರಿಗಳ ಜೊತೆ ಅಂತ ಆಜ್ಞೆಯಾಯಿತು. ತಟ್ಟೆ ಬಾಗಿಲ ಸಂದಿಯಲ್ಲಿ ಬರುತ್ತದೆ, ಸುದ್ದಿ ಬರುವುದಿಲ್ಲ. ಸಂಜೆ ಸರಸ್ವತಿ ಜಗಲಿಯಲ್ಲಿ ನಿಂತು ಬೀದಿಗೆಲ್ಲ ನಾಮಕರಣದ ಕಥೆ ಹೇಳಿದಳು. ಹೆಸರಿನ ಹತ್ತಿರ ಬಂದಾಗ ಮಾತ್ರ ದನಿ ಇಳಿಸಿದಳು. "ಅಯ್ಯೋ, ಎಷ್ಟ್ ಚೆಂದಾಗದೆ!" ಅಂತ ಸುವರ್ಣಮ್ಮ ಅಂದದ್ದು ಗೋಡೆಗೆ ಕಿವಿ ಹಚ್ಚಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಬೆಳಿಗ್ಗೆ ಹಾಲಿನವನೂ ಚೆನ್ನಾಗಿದೆ ಅಂದ.

ಮಗ್ಗದ ಕೋಣೆಯ ಕಿಟಕಿಯಿಂದ ಬೀದಿ ನೋಡುತ್ತಿದ್ದಾಗ ಎದುರುಮನೆಯ ಕಿಟಕಿ ತೆರೆಯಿತು. ಮೇಷ್ಟ್ರು ಪೇಪರ್ ಮಡಿಸಿಟ್ಟು ತುಂಬಾ ನಯವಾಗಿ ಕೇಳಿದರು.

"ಏನಪ್ಪ ಚೌಡೇಶ, ಮೂಗು ಹೆಂಗದೆ?"

"ಚೆನ್ನಾಗದೆ ಸಾ. ಅದಿರ್ಲಿ, ನಮ್ ಮಧು ಮಗೀಗೆ ಏನ್ ಹೆಸ್ರಿಟ್ರಂತೆ? ನಿಮ್ಗೇನಾರ ಗೊತ್ತಾ?"

"ಗೊತ್ತಿಲ್ದೆ ಏನು? ಒಳ್ಳೆ ಹೆಸ್ರು ಕಣಯ್ಯಾ. ಅರ್ಥಾನೂ ಒಳ್ಳೇದು" ಅಂದರು. ಆಮೇಲೆ ಒಂದು ಸಲ ಕೆಮ್ಮಿ, ಕಿಟಕಿ ಮುಚ್ಚಿಕೊಂಡರು.