ಮಣ್ಣು ಪರೀಕ್ಷೆಯ ಮೇಡಮ್ಮೋರು

ಮಣ್ಣಿನ ಕೆಲಸದಲ್ಲಿ ನಗುವಂಥದ್ದು ಏನಿರುತ್ತೆ ಅಂತ ಕೇಳುವವರು ತಿಪಟೂರಿನ ನಮ್ಮ ಆಫೀಸಿನ ಬೆಂಚಿನ ಮೇಲೆ ಒಂದು ಬೆಳಗ್ಗೆ ಸುಮ್ಮನೆ ಕೂತು ನೋಡಬೇಕು. ತೆಂಗಿನ ತೋಟದ ಮಣ್ಣಿನಲ್ಲಿ ಏನಿದೆ, ಏನಿಲ್ಲ, ಅದನ್ನು ಮುಂದಿನ ತಲೆಮಾರಿಗೆ ಉಳಿಸೋದು ಹೇಗೆ ಅಂತ ಸಂಶೋಧನೆ ಮಾಡೋದು ನನ್ನ ಉದ್ಯೋಗ. ನಮ್ಮ ಬೀದಿಯವರು ಇದನ್ನು "ಅಷ್ಟೊಂದು ಓದಿ ಮಣ್ಣು ಹೊರ್ತಾಳೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೊತ್ತ ಮಣ್ಣಿನ ಜೊತೆಗೆ ಸಿಕ್ಕಿದ ಕೆಲವು ಪ್ರಸಂಗಗಳು ಇವು.

ಪಕ್ಕದ ತೋಟ

ಶೆಟ್ಟಿಕೆರೆ ಕಡೆಯ ಯಜಮಾನರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ತಂದುಕೊಟ್ಟು ಹೋಗಿದ್ದರು. ಪರೀಕ್ಷೆ ಮಾಡಿದರೆ ಅದರಲ್ಲಿ ಏನೂ ಇಲ್ಲ. ಪೊಟ್ಯಾಷ್ ಇಲ್ಲ, ಬೋರಾನ್ ಇಲ್ಲ, ಗೊಬ್ಬರದ ಅಂಶವಂತೂ ಹುಡುಕಿದರೂ ಇಲ್ಲ. ಅವರು ಮತ್ತೆ ಬಂದಾಗ ಸಾವಿನ ಸುದ್ದಿ ಹೇಳುವವಳ ಹಾಗೆ ಮುಖ ಮಾಡಿಕೊಂಡು ಹೇಳಿದೆ, "ಯಜಮಾನ್ರೇ, ಈ ಮಣ್ಣಲ್ಲಿ ಸತ್ವವೇ ಉಳಿದಿಲ್ಲ."

ಅವರ ಮುಖ ಅರಳಿತು. "ಹೌದಾ ಮೇಡಮ್ಮೋರೇ? ಪೂರ್ತಿ ಹೋಗ್ಬುಟ್ಟೈತಾ?"

"ಪೂರ್ತಿ. ಅದ್ಯಾಕೆ ಹಿಂಗೆ ನಗ್ತಿದ್ದೀರಿ?"

"ಇದು ನಮ್ಮದಲ್ಲ ಕಣ್ರೀ, ಪಕ್ಕದ ತೋಟದ್ದು. ನಮ್ಮ ಮಣ್ಣು ತಂದು ನಿಮ್ಮ ಮುಂದೆ ಮರ್ವಾದೆ ಕಳ್ಕಳಾದ್ಯಾಕೆ ಅಂತ ಅವನ ತೋಟದ್ದು ತಂದೆ. ಅವನ ಮರ ಬಲು ಕಾಯಿ ಬಿಡ್ತವೆ ಅಂತ ಮೆರೀತಿದ್ದ. ಈಗ ಗೊತ್ತಾಯ್ತು ಬುಡಿ ಬಂಡವಾಳ!"

ಅವರು ಬಂದ ಬಸ್ಸಿನಲ್ಲೇ ಊರಿಗೆ ಹೋಗಿ ಸುದ್ದಿ ಹಂಚಿದ್ದಾರೆ. ಒಂದು ವಾರವೂ ಆಗಿಲ್ಲ, ಪಕ್ಕದ ತೋಟದಾತ ಉರಿಯುತ್ತಾ ಬಂದರು. "ನನ್ನ ಮಣ್ಣು ಸತ್ತೋಗೈತೆ ಅಂತ ಊರೆಲ್ಲಾ ಸಾರವ್ನೆ. ಮಗಳನ್ನ ನೋಡಕ್ಕೆ ಬಂದಿದ್ದ ಗಂಡಿನ ಕಡೆಯೋರು ತೋಟ ನೋಡದೆ ವಾಪಸ್ ಹೋದ್ರು. ಇವತ್ತೇ ಮಣ್ಣು ಕಳವು ಅಂತ ಸ್ಟೇಷನ್‌ಗೆ ಕಂಪ್ಲೇಂಟ್ ಕೊಡ್ತೀನಿ!"

"ಅಣ್ಣ, ಅವರು ತಂದಿದ್ದು ಒಂದು ಬೊಗಸೆ ಮಣ್ಣು. ಅದಕ್ಕೆಲ್ಲ ಪೊಲೀಸರು ಬರಲ್ಲ" ಅಂತ ನೀರು ಕೊಟ್ಟು ಕೂರಿಸಿದೆ. ಮಣ್ಣನ್ನು ಸರಿಮಾಡೋಕೆ ದಾರಿ ಇದೆ, ಹಸಿರೆಲೆ ಗೊಬ್ಬರ ಹಾಕಿ, ತೋಟದಲ್ಲಿ ಹುರುಳಿ ಬಿತ್ತಿ ಅಂತೆಲ್ಲ ಹೇಳಿದೆ. ಅವರು ತಣ್ಣಗಾದರು. ಹೊರಡುವಾಗ ಚೀಲದಿಂದ ತಾವೂ ಒಂದು ಕವರು ತೆಗೆದು ಮೇಜಿನ ಮೇಲಿಟ್ಟರು.

"ಒಳ್ಳೇದಾಯ್ತು ಬಿಡಿ, ನಿಮ್ಮ ತೋಟದ್ದು ಸರಿಯಾಗಿ ಇನ್ನೊಂದು ಸಲ ನೋಡೋಣ" ಅಂದೆ.

"ನಮ್ಮದ್ಯಾಕೆ? ಇದು ಅವಂದು. ಬೆಳಗ್ಗೆ ಅವನು ಡೈರಿಗೆ ಹಾಲು ಹಾಕಕ್ಕೆ ಹೋಗಿದ್ದಾಗ ಅವನ ತೋಟದಾಗೆ ಬಗೆದು ತಂದೆ."

ಇಂಗಾಲ

ತುರುವೇಕೆರೆ ಹತ್ತಿರದ ಒಂದು ತೋಟದಲ್ಲಿ ರೈತರಿಗೆ ತರಬೇತಿ ಇಟ್ಟುಕೊಂಡಿದ್ದೆವು. ವಿಷಯ, ತೆಂಗಿನ ಗರಿ ಸುಡಬೇಡಿ, ಮರದ ಬುಡಕ್ಕೇ ಹಾಸಿ. ಮಾತಾಡಲು ದೊಡ್ಡ ಊರಿನಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ಅವರ ಕನ್ನಡವೋ, ಪಠ್ಯಪುಸ್ತಕವೇ ಎದ್ದು ನಿಂತು ಮಾತಾಡಿದ ಹಾಗೆ.

"ನಿಮ್ಮ ಮಣ್ಣಿನಲ್ಲಿ ಸಾವಯವ ಇಂಗಾಲದ ಪ್ರಮಾಣ ಕುಸಿದಿದೆ" ಅಂತ ಶುರುಮಾಡಿದರು.

ಮುಂದಿನ ಸಾಲಿನ ರೈತರೊಬ್ಬರು ಕೈಯೆತ್ತಿದರು. "ಸಾರ್, ಏನು ಕುಸಿದೈತೆ ಅಂದ್ರಿ?"

"ಇಂಗಾಲ."

"ಇಂಗಲ್ಲ ಅಂದ್ರೆ, ಮತ್ತೆ ಎಂಗೆ ಸಾರ್?"

"ಹಾಗಲ್ಲ. ಇಂಗಾಲ!"

"ಅದೇ ಸಾರ್. ಅಂಗೂ ಅಲ್ಲ, ಇಂಗೂ ಅಲ್ಲ ಅಂದ್ರೆ ನಾವು ಎಂಗೆ ಮಾಡಬೇಕು, ಅದು ಹೇಳಿ."

ಜನ ಬಿದ್ದು ಬಿದ್ದು ನಕ್ಕರು. ತಜ್ಞರು ಬೆವರು ಒರೆಸಿಕೊಂಡು, ಗರಿ ಸುಟ್ಟರೆ ಮಣ್ಣಿನ ಜೀವವೇ ಸುಟ್ಟಂತೆ ಅಂತ ಗಂಟಲು ಏರಿಸಿದರು. ಅಷ್ಟರಲ್ಲಿ ಶಾಮಿಯಾನದ ಹಿಂದಿನಿಂದ ದಟ್ಟ ಹೊಗೆ ಬಂದು ಸಭೆಯ ತುಂಬ ಕೆಮ್ಮು. ನಾನು ಓಡಿಹೋಗಿ ನೋಡಿದರೆ ನಮ್ಮ ಅಡುಗೆಯವರು ಮೂರು ಕಲ್ಲು ಹೂಡಿ, ತೆಂಗಿನ ಗರಿ ತುರುಕಿ ಉರಿ ಹಾಕಿದ್ದಾರೆ.

"ಏನಪ್ಪಾ ಇದು! ಅಲ್ಲಿ ಗರಿ ಸುಡಬೇಡಿ ಅಂತ ಭಾಷಣ ನಡೀತಿದೆ!"

"ಗ್ಯಾಸ್ ಮುಗೀತು ಮೇಡಂ. ಆ ಭಾಷಣಕಾರರೇ ಹೇಳಿಕಳಿಸವ್ರೆ, ನನ್ನ ಮಾತು ಮುಗಿಯೋದ್ರೊಳಗೆ ಟೀ ಆಗ್ಬೇಕು ಅಂತ."

ಮಣ್ಣು ಎಲ್ಲಿದೆ

ಇನ್ನೊಬ್ಬರು ಬಂದರು, ಬಿಳಿ ಬಟ್ಟೆ, ಕೈಗೆ ಕಡಗ. ಹೊಸದಾಗಿ ಹಾಕಿದ ತೆಂಗಿನ ಸಸಿಗಳೆಲ್ಲ ಹಳದಿಯಾಗಿವೆ ಅಂತ ದೂರು. ಹೋಗಿ ನೋಡಿದೆ. ಸಸಿ ನಿಂತಿರುವುದು ಗೊರಚು ಕಲ್ಲಿನ ಮೇಲೆ. ಸುತ್ತಲ ಹೊಲಗಳಿಗಿಂತ ಇವರ ಹೊಲ ಆಳುದ್ದ ತಗ್ಗಿನಲ್ಲಿದೆ.

"ಇಲ್ಲಿದ್ದ ಮೇಲ್ಮಣ್ಣು ಏನಾಯ್ತು?"

"ಅದಾ? ಲೇಔಟ್ ತುಂಬಿಸಕ್ಕೆ ಬೇಕು ಅಂದ್ರು. ಜೆಸಿಬಿ ಬಿಟ್ಟು ಕೊಟ್ಬುಟ್ಟೆ. ಇರಲಿ, ಈಗ ನಮ್ಮ ಮಣ್ಣಿಗೆ ಏನು ಹಾಕಬೇಕು ಹೇಳಿ ಮೇಡಂ."

"ನಿಮ್ಮ ಮಣ್ಣಿಗಾ? ಸೈಟ್ ಹಾಕಬೇಕು" ಅಂದೆ. ಅವರು ಖುಷಿಯಿಂದ ತಲೆಯಾಡಿಸಿ, ಅದು ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಕೇಳಿದರು.

ನಮ್ಮೂರ ಮಣ್ಣಿನ ವಾಸನೆ

ಒಂದು ವರ್ಷ ಮಣ್ಣಿನ ದಿನಾಚರಣೆ. ದೊಡ್ಡ ಸಭಾಂಗಣ, ಮುಖ್ಯ ಅತಿಥಿಯಾಗಿ ಒಬ್ಬ ನಾಯಕರು. ದೀಪ ಹಚ್ಚುವುದು ಹಳೇ ಪದ್ಧತಿ, ಈ ಸಲ ಅತಿಥಿಗಳು ಒಂದು ಹಿಡಿ ಮಣ್ಣನ್ನು ಕುಂಡಕ್ಕೆ ಹಾಕಿ ಉದ್ಘಾಟನೆ ಮಾಡಲಿ ಅಂತ ನಮ್ಮ ಸಾಹೇಬರ ಆಸೆ.

ಎಲ್ಲ ತಯಾರಾಗಿದೆ, ಮಣ್ಣೊಂದಿಲ್ಲ. ಹೊರಗೆ ಬಂದು ನೋಡಿದರೆ ಸಭಾಂಗಣದ ಆವರಣಕ್ಕೆ ಅಂದ ಹೆಚ್ಚಿಸುವ ಹೆಸರಿನಲ್ಲಿ ಗೋಡೆಯಿಂದ ಗೋಡೆಗೆ ಸಿಮೆಂಟ್ ಇಟ್ಟಿಗೆ ಹಾಸಿಬಿಟ್ಟಿದ್ದಾರೆ. ಪಕ್ಕದ ಪಾರ್ಕಿಗೆ ಹೋದರೆ ಅಲ್ಲೂ ಅದೇ. ರಸ್ತೆಯ ಬದಿಯೂ ಕಾಂಕ್ರೀಟು. ಮಣ್ಣಿನ ವಿಜ್ಞಾನಿಗಳೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಒಂದು ಹಿಡಿ ಮಣ್ಣಿಗಾಗಿ ತಿಪಟೂರಿನ ಬೀದಿಯಲ್ಲಿ ಓಡಾಡಿದೆವು. ಅತಿಥಿಗಳ ಕಾರು ಗೇಟಿಗೆ ಬಂತು ಅನ್ನುವಾಗ ನಮ್ಮ ಗುಮಾಸ್ತರು ಹೂಗಿಡ ಮಾರುವ ಅಂಗಡಿಯಿಂದ ಒಂದು ಚೀಲ ತಂದು ತಟ್ಟೆಗೆ ಸುರಿದರು.

ನಾನು ಬೆರಳಲ್ಲಿ ಮುಟ್ಟಿ ನೋಡಿದೆ. "ಇದು ತೆಂಗಿನ ನಾರಿನ ಪುಡಿ ಕಣ್ರೀ! ಇದರಲ್ಲಿ ಒಂದು ಕಾಳು ಮಣ್ಣಿಲ್ಲ."

"ಬಣ್ಣ ಅದೇ ಇದೆಯಲ್ಲ ಮೇಡಂ, ಸುಮ್ನಿರಿ."

ನಾಯಕರು ವೇದಿಕೆಗೆ ಬಂದರು. ಹಿಡಿ ತುಂಬ ಎತ್ತಿಕೊಂಡರು. ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಂಡರು. ಮೈಕಿನಲ್ಲಿ ಅವರ ಧ್ವನಿ ನಡುಗಿತು: "ಆಹಾ! ಎಲ್ಲಿಗೇ ಹೋಗಲಿ, ನಮ್ಮೂರ ಮಣ್ಣಿನ ವಾಸನೆಯೇ ಬೇರೆ! ನಾನು ರೈತನ ಮಗ, ಮಣ್ಣನ್ನು ಮೂಸಿದರೇ ಹೇಳಿಬಿಡ್ತೀನಿ!"

ಸಭೆ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವರು ನಮ್ಮ ಗುಮಾಸ್ತರು.

ಎರೆಹುಳುವಿನ ಪ್ರವಾಸ

ನಮ್ಮ ಕೇಂದ್ರದ ಹೆಸರಿನಲ್ಲಿ ಎರೆಗೊಬ್ಬರದ ಮಾದರಿ ತೊಟ್ಟಿಗಳು ಮೂರು ಕಡೆ ಇದ್ದವು. ಒಂದು ತುರುವೇಕೆರೆ ಕಡೆ ರೈತರೊಬ್ಬರ ತೋಟದಲ್ಲಿ, ಒಂದು ತಿಪಟೂರಿನ ನಮ್ಮ ಆಫೀಸಿನ ಹಿತ್ತಲಲ್ಲಿ, ಇನ್ನೊಂದು ಹುಳಿಯಾರಿನ ಆಚೆ ಕುರಿ ಸಾಕುವ ಒಬ್ಬ ಅಜ್ಜಿಯ ಹಟ್ಟಿಯಲ್ಲಿ. ತುರುವೇಕೆರೆಯ ಹುಳುಗಳು ಚೆನ್ನಾಗಿದ್ದವು. ಆಫೀಸಿನ ತೊಟ್ಟಿಗೆ ನೀರು ಹಾಕಬೇಕಾದವರು ಯಾರು ಅಂತ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತಿರುವಾಗಲೇ ಅಲ್ಲಿನ ಹುಳುಗಳು ಒಣಗಿ ಸತ್ತವು. ಅಜ್ಜಿಯ ತೊಟ್ಟಿಗಂತೂ ನಾವು ಹುಳು ಕೊಟ್ಟೇ ಇರಲಿಲ್ಲ.

ಅಷ್ಟರಲ್ಲಿ ತಪಾಸಣಾ ಸಮಿತಿ ಬರುತ್ತದೆ ಅಂತ ಸುದ್ದಿ. ತೊಟ್ಟಿ ಖಾಲಿ ಕಂಡರೆ ಕೇಂದ್ರಕ್ಕೆ ಬೀಗ ಅಂತಲೂ ಸುದ್ದಿ. ನಮ್ಮ ಸಾಹೇಬರು ಮಾತ್ರ ಹೆದರಲಿಲ್ಲ. "ಸಮಿತಿ ಬೆಳಗ್ಗೆ ತುರುವೇಕೆರೆಯಲ್ಲಿ ಹುಳು ನೋಡಲಿ. ಅವರು ಅಲ್ಲಿ ತಿಂಡಿ ತಿನ್ನುವಾಗ ಅದೇ ಹುಳುಗಳನ್ನ ಜೀಪಿನಲ್ಲಿ ಇಲ್ಲಿಗೆ ತನ್ನಿ. ಇಲ್ಲಿ ನೋಡಿ ಊಟಕ್ಕೆ ಕೂತಾಗ ಹುಳಿಯಾರಿಗೆ ಒಯ್ಯಿರಿ. ಅಜ್ಜಿಗೂ ಮೊದಲೇ ಹೇಳಿಡಿ."

ನಾನು ಬೇಡ ಅಂದೆ. "ಮೇಡಂ, ನಿಮಗೆ ಮಣ್ಣು ಗೊತ್ತು, ಸಮಿತಿ ಗೊತ್ತಿಲ್ಲ" ಅಂದರು.

ಸಮಿತಿಯ ಅಧ್ಯಕ್ಷರೂ ಬೇರೆ ಊರಿನ ಇಂಥದೇ ಒಂದು ಕೇಂದ್ರದ ಮುಖ್ಯಸ್ಥರು. ತುರುವೇಕೆರೆಯಲ್ಲಿ ಅವರು ಹುಳು ನೋಡಿ ಮೆಚ್ಚಿದರು. ತಿಪಟೂರಿನಲ್ಲಿ ಅದೇ ಹುಳುಗಳನ್ನು ನೋಡಿ, "ಇವು ಇನ್ನೂ ಚುರುಕಾಗಿವೆ" ಅಂದರು. ದಾರಿಯುದ್ದಕ್ಕೂ ಜೀಪಿನಲ್ಲಿ ಕುಲುಕಿ ಬಂದಿದ್ದವಲ್ಲ, ಚುರುಕಾಗದೆ ಏನು! ಮಧ್ಯಾಹ್ನಕ್ಕೆ ಒಬ್ಬಟ್ಟಿನ ಊಟ ಸಿದ್ಧವಾಗಿತ್ತು. ಆಗ ಅಧ್ಯಕ್ಷರು, "ಇವತ್ತು ಶನಿವಾರ, ನಂದು ಒಪ್ಪೊತ್ತು, ಊಟ ರಾತ್ರಿಗೇ. ನಡೀರಿ ಹುಳಿಯಾರಿಗೆ" ಅಂತ ಹೋಗಿ ಕಾರಿನಲ್ಲಿ ಕೂತೇಬಿಟ್ಟರು. ಸಾಹೇಬರ ಮುಖ ಇಳಿಯಿತು. ಹಿತ್ತಲಲ್ಲಿ ಇನ್ನೂ ಜೀಪಿಗೆ ಹುಳು ತುಂಬುತ್ತಿದ್ದವರಿಗೆ ನಾವು ಹೊರಟಿದ್ದು ಗೊತ್ತೇ ಆಗಲಿಲ್ಲ.

ಹಟ್ಟಿಯಲ್ಲಿ ಅಧ್ಯಕ್ಷರು ನೆಟ್ಟಗೆ ತೊಟ್ಟಿಯ ಹತ್ತಿರ ಹೋಗಿ ಗೋಣಿಚೀಲ ಸರಿಸಿದರು. ಕೋಲಿನಿಂದ ಸಗಣಿ ಕೆದಕಿದರು. ಒಂದು ಹುಳುವೂ ಇಲ್ಲ. "ಏನಜ್ಜಿ, ಹುಳ ಎಲ್ಲಿ?" ಅಂತ ಗದರಿದರು.

ನಮ್ಮ ಸಾಹೇಬರು ಅಜ್ಜಿಗೆ ಕಣ್ಣು ಮಿಟುಕಿಸಿದರು, ಕೆಮ್ಮಿದರು. ಅಜ್ಜಿ ಅದೊಂದನ್ನೂ ನೋಡದೆ ಸಮಾಧಾನದಿಂದ ಹೇಳಿತು, "ಅವು ಇನ್ನಾ ಬಂದಿಲ್ಲ ಕಣಪ್ಪ. ಜೀಪಲ್ಲಿ ಬತ್ತಾ ಅವೆ. ನೀವೇ ವಸಿ ಬಿರ್ರನೆ ಬಂದ್ಬುಟ್ರಿ. ಕೂತ್ಕಳಿ, ಎಳ್ನೀರು ಕುಡೀರಿ."

ಅದೇ ಹೊತ್ತಿಗೆ ಧೂಳೆಬ್ಬಿಸಿಕೊಂಡು ಜೀಪು ಬಂತು. ಡ್ರೈವರು ಮೂಟೆ ಹೊತ್ತು, ನಮ್ಮ ಕಡೆ ನೋಡದೇ ಓಡೋಡಿ ಬಂದ. "ಅಜ್ಜೀ, ಬಿರ್ರನೆ ಗೋಣಿ ತಗಿ! ಆ ಸಮಿತಿ ಮುಂಡೇವು ಬರೋದ್ರೊಳಗೆ ಸುರೀಬೇಕು!"

ಸಾಹೇಬರು ನೆಲ ನೋಡುತ್ತಾ ನಿಂತರು. ಇವತ್ತಿಗೆ ಕೇಂದ್ರದ ಕಥೆ ಮುಗಿಯಿತು, ನಮ್ಮನ್ನೆಲ್ಲ ಎಲ್ಲೆಲ್ಲಿಗೆ ಎತ್ತಿ ಹಾಕುತ್ತಾರೋ ಅಂತ ನಾನೂ ಲೆಕ್ಕ ಹಾಕತೊಡಗಿದೆ. ಅಧ್ಯಕ್ಷರು ಮೂಟೆಯ ಬಾಯಿ ಬಿಡಿಸಿ, ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸಾಹೇಬರನ್ನು ಹೆಗಲು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಹತ್ತಿರವೇ ನಿಂತಿದ್ದ ನನಗೆ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು.

"ಸೋಮವಾರ ನಮ್ಮ ಕೇಂದ್ರಕ್ಕೂ ಇನ್‌ಸ್ಪೆಕ್ಷನ್ ಇದೆ ಕಣ್ರೀ. ಇವುಗಳನ್ನ ಹಿಂಗೇ ನಮ್ಮೂರಿಗೆ ಕಳಿಸಿಬಿಡಿ. ಜೀಪಿಗೆ ಡೀಸೆಲ್ ನಾನು ಹಾಕಿಸ್ತೀನಿ."