ಹೆಂಡತಿ ‘ವಾಸ್’ ಆದದ್ದು

ಐವತ್ತರ ಹತ್ತಿರ ಬಂದವನು ಇಂಗ್ಲಿಷ್ ವ್ಯಾಕರಣ ಕಲಿಯಲು ಹೊರಟರೆ ನೋಡುವವರಿಗೆ ನಗು ಬರುವುದು ಸಹಜ. ಅದರ ಹಿಂದಿದ್ದದ್ದು ಜ್ಞಾನದಾಹವಲ್ಲ, ಹೆಂಡತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಡೀಲಿನಲ್ಲಿ ಬಟನ್, ನೂಲು, ಲೈನಿಂಗ್ ಬಟ್ಟೆ ಮಾರುತ್ತಿದ್ದ ನನ್ನ ಅಂಗಡಿ ನಷ್ಟವಾಗಿ ಮುಚ್ಚಿದ ಮೇಲೆ ಹೇಮಾ ಮಸ್ಕತ್ತಿನ ಒಂದು ಹೋಟೆಲಿನ ಲಾಂಡ್ರಿಗೆ ಕೆಲಸಕ್ಕೆ ಹೋದಳು. ಎರಡು ವರ್ಷವಾಯಿತು. ಅವಳ ದಿಂಬನ್ನು ನಾನು ಇವತ್ತಿಗೂ ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇನೆ. ಯಾರೂ ಮಲಗದ ದಿಂಬಿಗೆ ಬಿಸಿಲು ಯಾಕೆಂದು ಆಚೆಮನೆಯವರು ಕೇಳಿದರೆ ಮಂಗಳೂರಿನ ಹವೆಯ ಮೇಲೆ ತಪ್ಪು ಹೊರಿಸುತ್ತೇನೆ. ಹೀಗಿರುವಾಗ, ತನ್ನ ಹೋಟೆಲಿನ ಪಕ್ಕದ ಹೋಟೆಲಿನ ಸ್ಟೋರಿಗೆ ಜನ ಬೇಕಂತೆ, ಫೋನಿನಲ್ಲೇ ಇಂಟರ್‌ವ್ಯೂ ಅಂತೆ, ಆದರೆ ಇಂಗ್ಲಿಷಿನಲ್ಲಿ ಎಂದು ಹೇಮಾ ತಿಳಿಸಿದಳು. ಮರುದಿನವೇ ದೇರೆಬೈಲಿನಲ್ಲಿ ಟ್ಯೂಷನ್ ಹೇಳುವ ಲೀನಾ ಟೀಚರ ಮನೆ ಹುಡುಕಿಕೊಂಡು ಹೋದೆ.

ಮೂರು ವಾರದಲ್ಲಿ ನನ್ನ ತಲೆಗೆ ಹತ್ತಿದ್ದು ಒಂದೇ ಪಾಠ. ಮುಖ್ಯ ವಾಕ್ಯ ಭೂತಕಾಲದಲ್ಲಿದ್ದರೆ ಅದರ ಬಾಲ ಹಿಡಿದು ಬರುವ ಅಧೀನ ವಾಕ್ಯವೂ ಭೂತಕಾಲಕ್ಕೆ ಹೋಗಬೇಕು. “ಬೇಸರ ಆಗ್ತದೆ ಅಂತ ಹೆಂಡತಿ ಹೇಳಿದಳು, ಇದನ್ನು ಇಂಗ್ಲಿಷಿನಲ್ಲಿ ಹೇಳಿ” ಎಂದರು ಟೀಚರು.

“ಶೀ ಸೆಡ್ ಶೀ ಈಸ್ ಸ್ಯಾಡ್.”

“ಈಸ್ ಅಲ್ಲ, ವಾಸ್.”

“ಅವಳಿಗೆ ಈಗಲೂ ಬೇಸರ ಉಂಟಲ್ಲ ಟೀಚರ್?”

“ಇರಬಹುದು ಮಾರಾಯ್ರೆ. ಆದ್ರೆ ಸೆಡ್ ಬಂತಲ್ಲ? ವಾಸ್ ಆಗ್ಲೇಬೇಕು.”

ನಮ್ಮಲ್ಲಾದರೆ ಆಡಿದವರ ಮಾತನ್ನು ಆಡಿದ ಹಾಗೆಯೇ ಇಟ್ಟುಕೊಳ್ಳಬಹುದು. ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಬೇಸರ ಹಳತಾಗುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಗಲ್ಫಿಗೆ ಹೋಗುವವನಿಗೆ ಹಟ ಯಾಕೆಂದು ಬಸ್ಸಿನಲ್ಲಿ ಪಡೀಲಿನವರೆಗೂ ವಾಸ್, ವಾಸ್ ಎಂದು ಉರು ಹೊಡೆದೆ.

ಇಂಟರ್‌ವ್ಯೂ ಮಾಡಿದ ಮ್ಯಾನೇಜರ್ ಒಳ್ಳೆಯವರು. ಮಸ್ಕತ್ತಿಗೇ ಯಾಕೆ ಬರಬೇಕು ಎಂದು ಕೇಳಿದರು. ಉತ್ತರ ಸಿದ್ಧವಿತ್ತು. “ಐ ಡಿಸೈಡೆಡ್ ಬಿಕಾಸ್ ಮೈ ವೈಫ್ ವಾಸ್ ಇನ್ ಮಸ್ಕತ್. ಶೀ ವಾಸ್ ಎ ಗುಡ್ ಲೇಡಿ.” ಡಿಸೈಡೆಡ್ ಬಂದದ್ದರಿಂದ ಹೇಮಾಳನ್ನು ಧೈರ್ಯವಾಗಿ ವಾಸ್ ಮಾಡಿದ್ದೆ. ಅವರು ಮೆತ್ತಗೆ, “ಸಾರಿ ಫಾರ್ ಯುವರ್ ಲಾಸ್” ಎಂದರು. ಅಂಗಡಿ ಮುಚ್ಚಿದ ಸಂಗತಿಯನ್ನು ಅರ್ಜಿಯಲ್ಲಿ ಬರೆದಿದ್ದೆ. ಅದಕ್ಕೂ ಮರುಗುವ ಮನುಷ್ಯನಿದ್ದಾನಲ್ಲ ಎಂದು ಕರಗಿಹೋಗಿ, “ಸ್ಮಾಲ್ ಲಾಸ್ ಸರ್. ನೌ ಐ ಆಮ್ ಫ್ರೀ” ಎಂದೆ.

ಈ ಸಲ ಅವರ ದನಿ ಇನ್ನೂ ಮೆತ್ತಗಾಯಿತು. ಮನೆಯಲ್ಲಿ ಒಬ್ಬರೇ ಇರುವುದೇ ಎಂದು ಕೇಳಿದರು.

“ಯೆಸ್ ಸರ್. ಮೈ ವೈಫ್ ಈಸ್ ಇನ್ ಮಸ್ಕತ್.”

“ಸೆಕೆಂಡ್ ವೈಫ್?”

ಆಗ ನನಗೆ ಬೆಳಕಾಯಿತು. “ನೋ ಸರ್! ಓನ್ಲಿ ವನ್! ಅಲೈವ್!” ಎಂದು ಕಿರುಚಿದೆ. ಅವರು ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ, ಸ್ಟೋರಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯುವುದು, ಇನ್ನಷ್ಟು ಕಲಿತು ಮುಂದಿನ ವರ್ಷ ಪ್ರಯತ್ನಿಸಿ ಎಂದು ಫೋನಿಟ್ಟರು.

ಮಧ್ಯಾಹ್ನದ ಬಿಡುವಿನಲ್ಲಿ ಹೇಮಾ ಫೋನ್ ಮಾಡಿದಳು. ಒಂದನ್ನೂ ಮುಚ್ಚಿಡದೆ ಹೇಳಿದೆ. ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ. “ಎಂತ? ನಾನು ಸ್ಮಾಲ್ ಲಾಸಾ?” ಎಂದು ಉಸಿರು ಸಿಕ್ಕಿಕೊಳ್ಳುವ ಹಾಗೆ ನಕ್ಕಳು. ನಗು ನಿಲ್ಲುವಾಗ ದನಿ ಬೇರೆಯಾಗಿತ್ತು.

“ಇಲ್ಲಿ ಒಂದು ರೂಮು ನೋಡಿ ಇಟ್ಟಿದ್ದೆ. ಕಿಟಕಿ ಉಂಟು ಅದಕ್ಕೆ” ಎಂದಳು.

ಅವಳ ಹಿಂದೆ ಬಟ್ಟೆ ಒಗೆಯುವ ಯಂತ್ರಗಳು ತಿರುಗುತ್ತಿದ್ದವು. ಆಮೇಲೆ ಅವಳೇ, “ವನಸ್ ಆಂಡಾ?” ಎಂದಳು. ಊಟ ಆಯಿತೇ ಎಂದು.

“ಆಂಡ್” ಎಂದೆ, ಆಯಿತು ಎಂದು. ಅಕ್ಕಿ ಇನ್ನೂ ತೊಳೆದಿರಲಿಲ್ಲ. ಭೂತಕಾಲ ನನಗೆ ತುಳುವಿನಲ್ಲೂ ಸರಿಯಾಗಿ ಬರುವುದಿಲ್ಲ.