ಕಿವಿ ಪರೀಕ್ಷಿಸುವವಳಿಂದ ಫ್ಯಾನ್ ಕೂರಿಸಿದವರಿಗೆ

ಲ್ಯಾಪ್‌ಟಾಪ್ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರಾದ ಮಾನ್ಯರೇ,

ಕಿವುಡರಿಗೂ ಕೇಳಿಸುವಂಥ ಫ್ಯಾನನ್ನು ಅಷ್ಟು ತೆಳ್ಳಗಿನ ಲ್ಯಾಪ್‌ಟಾಪಿನೊಳಗೆ ಕೂರಿಸಿದ ತಮ್ಮ ಪ್ರತಿಭೆಗೆ, ಕಿವಿ ತಪಾಸಣೆಯ ಪುಟ್ಟ ಕೋಣೆಯಿಂದ ಶಿರಬಾಗಿದ ನಮಸ್ಕಾರಗಳು.

ನನ್ನ ಕೆಲಸ ಇಷ್ಟೇ: ಬಂದವರಿಗೆ ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸ್ವರ ಕೇಳಿಸುವುದು, ಅವರು ಗುಂಡಿ ಒತ್ತಿದ್ದನ್ನು ಬರೆದುಕೊಳ್ಳುವುದು. ನಮ್ಮ ತಪಾಸಣೆಯ ತಂತ್ರಾಂಶ ನಡೆಯುವುದು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿ ಮಾತ್ರ. ಅಲ್ಲಿ ತಮ್ಮ ಫ್ಯಾನಿಗೆ ಆಜ್ಞೆ ಮುಟ್ಟಿಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಇಲ್ಲವಾದ್ದರಿಂದ, ಹೇಳುವವರು ಕೇಳುವವರು ಯಾರೂ ಇಲ್ಲದೆ ಅದು ದಿನವಿಡೀ ಪೂರ್ತಿ ವೇಗದಲ್ಲಿ ಅಬ್ಬರಿಸುತ್ತದೆ. ಕಂಬಳಿ ಹೊದಿಸಿ ನೋಡಿದೆ. ಲ್ಯಾಪ್‌ಟಾಪು ಕಾದು ಕೆಲಸವನ್ನೇ ನಿಲ್ಲಿಸಿತು.

ಆ ಸದ್ದಿಗೆ ನನ್ನ ಕಿವಿ ಒಗ್ಗಿಹೋದದ್ದೇ ತಪ್ಪಾಯಿತು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ, ನಾನು ಮಾವ ಎಂದೇ ಕರೆಯುವ ನನ್ನಪ್ಪನ ಗೆಳೆಯರು ವರ್ಷದ ತಪಾಸಣೆಗೆ ಬಂದು, "ಬರೀ ಗಾಳಿ ಬೀಸೋದು ಕೇಳಿಸ್ತಿದೆ ಕಣಮ್ಮ, ಸ್ವರ ಎಲ್ಲೂ ಇಲ್ಲ" ಎಂದರು. ಕಿವಿ ಮಂದ ಎಂದು ಬರೆದು ಸಹಿ ಹಾಕಿದೆ. ಮರುವಾರವೇ ಅವರನ್ನು ಕ್ರೇನಿನಿಂದ ಇಳಿಸಿದರು. ಆ ಸಹಿ ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ತಮಗೆ ಐದು ಪತ್ರ ಬರೆದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು ಎನ್ನಲಾರೆ, ಏಕೆಂದರೆ ಎರಡಕ್ಕೆ ಉತ್ತರ ಬಂತು. ಫ್ಯಾನು ತಿರುಗುತ್ತಿರುವುದರಿಂದ ಅದರಲ್ಲಿ ದೋಷವಿಲ್ಲ ಎಂದು ಒಂದರಲ್ಲಿತ್ತು. ಅದನ್ನು ನಿಧಾನಿಸುವ ಆಜ್ಞೆ ವ್ಯಾಪಾರ ರಹಸ್ಯ ಎಂದು ಇನ್ನೊಂದರಲ್ಲಿ. ಬೀಸಣಿಗೆಯನ್ನು ಮೆಲ್ಲಗೆ ಬೀಸುವ ವಿದ್ಯೆಯನ್ನು ಶತ್ರುಗಳ ಕೈಗೆ ಸಿಗದಂತೆ ಕಾಯುತ್ತಿರುವ ತಮ್ಮ ಎಚ್ಚರ ದೊಡ್ಡದು.

ಆದ್ದರಿಂದ ಆ ರಹಸ್ಯ ತಮ್ಮಲ್ಲೇ ಇರಲಿ. ಅದನ್ನು ಬಲ್ಲ ಒಬ್ಬ ನೌಕರರನ್ನು ಇಲ್ಲಿಗೆ ಕಳಿಸಿಕೊಟ್ಟರೆ ಸಾಕು. ತಪಾಸಣೆ ನಡೆಯುವಾಗ ಅವರು ಪಕ್ಕದಲ್ಲಿ ಕೂತು, ನನಗೆ ಕೇಳಿಸದಂತೆ, ಫ್ಯಾನಿಗೆ ಬುದ್ಧಿ ಹೇಳಲಿ. ಅದೂ ಆಗದಿದ್ದರೆ, ಮಂದವಾದದ್ದು ಮಾವನ ಕಿವಿಯಲ್ಲ ಎಂದು ಕಾರ್ಖಾನೆಗೆ ಒಂದು ಸಾಲು ಬರೆದುಕೊಡಿ.

ಇನ್ನೂ ಉತ್ತರದ ಆಸೆ ಬಿಡದ,
ತಮ್ಮ ವಿಶ್ವಾಸಿ,
ಕಿವಿ ತಪಾಸಣೆಯವಳು

ಮರೆತ ಮಾತು: ಪತ್ರ ಅಂಚೆಗೆ ಹಾಕುವ ಮೊದಲೇ, ನಾನು ಮುಖ ಕಂಡಿರದ ಶಾಲಾ ಶಿಕ್ಷಕಿಯೊಬ್ಬರು, ಲಿನಕ್ಸ್ ಬಳಸುವವರ ಅಂತರಜಾಲ ಗುಂಪಿನಲ್ಲಿ ನನ್ನ ಗೋಳು ಓದಿ, ಆಕೆಯ ಬಳಿಯಿರುವ ಇಂಥದ್ದೇ ಲ್ಯಾಪ್‌ಟಾಪಿಗೆಂದು ಬರೆದುಕೊಂಡಿದ್ದ ಡ್ರೈವರನ್ನು ಕಳಿಸಿಕೊಟ್ಟರು. ನಲವತ್ತೇ ಸಾಲು. ಫ್ಯಾನು ತೆಪ್ಪಗಾಯಿತು. ಮಾವನನ್ನು ಮತ್ತೆ ತಪಾಸಣೆಗೆ ಕೂರಿಸಿದೆ. ಒಂದು ಸ್ವರವೂ ತಪ್ಪಲಿಲ್ಲ. ಅಷ್ಟರಲ್ಲಿ ಕ್ರೇನಿಗೆ ಹೊಸಬರು ಬಂದಿದ್ದರು, ಮಾವನನ್ನು ಗೇಟು ಕಾಯಲು ಹಾಕಿದ್ದರು. ಹೊಸಬರು ಕ್ರೇನಿನ ಸರಪಳಿಯನ್ನು ಜಗ್ಗಿ ಜಗ್ಗಿ ಎಳೆಯುವುದು ಗೇಟಿನಲ್ಲಿರುವ ಮಾವನಿಗೂ ಕೇಳಿಸುತ್ತದಂತೆ. ತಮ್ಮ ರಹಸ್ಯಕ್ಕೆ ಕಾವಲುಗಾರ ಬೇಕಿದ್ದರೆ ತಿಳಿಸಿ. ತಾವೇ ತಯಾರು ಮಾಡಿದ ಕಾವಲುಗಾರರೊಬ್ಬರು ಇಲ್ಲಿದ್ದಾರೆ.